ಮಾರ್ತಾಂಡರಾಯರ ಮಾರುತಿಗೆ ಇಬ್ಬರು ಗಿರಾಕಿಗಳು

ಹಳೆಯ ಚಾದರಗಳನ್ನು ಜೋಡಿಸಿ ಹೊಲಿದಿದ್ದ ಹೊದಿಕೆಯೊಳಗೆ ಸುಮಂಗಲಾ ಮೆಲ್ಲಗೆ ಕೈ ತೂರಿಸಿದಳು. ಕಾರಿನ ಬಾನೆಟ್ ತಣ್ಣಗಿತ್ತು.

ಒಳ್ಳೆಯದು... ಅಂದರೆ ಮಾಲೀಕ ಬೆಳಿಗ್ಗೆಯೇ ಎದ್ದು ಎಂಜಿನ್ ಬಿಸಿ ಮಾಡಿಟ್ಟಿಲ್ಲ. ಮೋಸ ಮಾಡುವವರು ಮೊದಲು ಮಾಡುವ ಕೆಲಸವೇ ಅದು. ಬಿಸಿ ಎಂಜಿನ್ ತನ್ನ ಕೆಮ್ಮು, ದಮ್ಮು ಎಲ್ಲವನ್ನೂ ಮುಚ್ಚಿಟ್ಟುಕೊಳ್ಳುತ್ತದೆ.

ಅವಳು ಕೈಯನ್ನು ಇನ್ನಷ್ಟು ಒಳಗೆ ಸರಿಸಿದಳು. ಏನೋ ಬೆಚ್ಚಗೆ ತಗುಲಿತು.

ಐದು ಬೆರಳು!

"ಅಯ್ಯಯ್ಯೋ!" ಹೊದಿಕೆಯ ಆ ಬದಿಯಿಂದ ಗಂಡಸಿನ ದನಿ. "ಎಂತ ಮಾರಾಯ್ರೆ ಇದು, ಕಾರಿಗೆ ಕೈ ಉಂಟಾ?"

"ಕಾರಿಗಲ್ಲ, ನನಗ ಅದ! ತೆಗೀರಿ ಮೊದಲ ನಿಮ್ಮ ಕೈ!"

ಮರಾಠಿ ಮಾತಿನ ಕೋಥರೂಡ ಬಡಾವಣೆಯ ಯಾರದೋ ಅಂಗಳದಲ್ಲಿ, ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ತಾವು ಕೂಗಿದ್ದು ಕನ್ನಡದಲ್ಲಿ ಎಂಬುದು ಇಬ್ಬರಿಗೂ ಅರೆಗಳಿಗೆ ತಡವಾಗಿ ಹೊಳೆಯಿತು.

ಆಚೆಯಿಂದ ಎದ್ದು ನಿಂತವನು ಮೂವತ್ತರ ಆಸುಪಾಸಿನ ಎತ್ತರದ ಯುವಕ. ಒಂದು ಕೈಯಲ್ಲಿ ಪೇಪರಿನಿಂದ ಹರಿದ ಜಾಹೀರಾತು. ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಅಯಸ್ಕಾಂತ!

'ಛೇ, ಇವನೂ ತಿಳಿದವನೇ...' ಅಂದುಕೊಂಡಳು ಸುಮಂಗಲಾ. ಅಪಘಾತವಾದ ಕಾರಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಆ ಜಾಗದಲ್ಲಿ ಅಯಸ್ಕಾಂತ ಹಿಡಿಯುವುದಿಲ್ಲ. ದೇಹೂ ರೋಡಿನ ಗ್ಯಾರೇಜಿನಲ್ಲಿ ಕೆಲಸ ಮಾಡುವ ತಮ್ಮೂರಿನ ಭೀಮು ಅವಳಿಗೂ ಅದನ್ನೇ ಹೇಳಿಕೊಟ್ಟಿದ್ದ.

ಮೂರು ವಾರದಲ್ಲಿ ಅವಳು ಏಳು ಕಾರು ನೋಡಿ ಬಿಟ್ಟಿದ್ದಳು. ಇದು ಎಂಟನೆಯದು, ಬಹುಶಃ ಕೊನೆಯದು. ಜೂನ್ ಒಂದರಿಂದ ಶಿವಾಜಿನಗರದ ಹಾಸ್ಟೆಲ್ ಮೆಸ್ಸಿಗೆ ದಿನಾ ಆರುನೂರು ಜೋಳದ ರೊಟ್ಟಿ ಕೊಡುವ ಮಾತಾಗಿತ್ತು. ಒಂದೇ ಷರತ್ತು: ಸ್ವಂತ ಗಾಡಿ ಇರಬೇಕು. ಸಿಟಿ ಬಸ್ಸಿನ ಕಂಡಕ್ಟರುಗಳು ಅವಳ ಬುಟ್ಟಿಗಳನ್ನು ಕಂಡರೆ ಹತ್ತಿಸಿಕೊಳ್ಳದೆ ಡಬಲ್ ಬೆಲ್ ಹೊಡೆಯುತ್ತಿದ್ದರು. ಗಾಡಿ ಸಿಗದಿದ್ದರೆ ಆರುನೂರು ರೊಟ್ಟಿ ಬೇರೆಯವರ ಪಾಲು. ಅವಳ ಜೊತೆ ರೊಟ್ಟಿ ಬಡಿಯುವ ನಾಲ್ಕು ಹೆಂಗಸರು ಮತ್ತೆ ಸಿಮೆಂಟ್ ಬುಟ್ಟಿ ಹೊರಬೇಕು.

"ನಾ ಮೊದಲ ಬಂದೀನಿ," ಅಂದಳು ಗಟ್ಟಿಯಾಗಿ.

"ನಾನು ಆ ಬದಿಯಿಂದ ಮೊದಲು ಬಂದೆ. ಹಿಂದಿನ ಗೇಟು ಉಂಟಲ್ಲ?"

"ಅದು ಕಳ್ಳರು ಬರೋ ಗೇಟು!"

"ಬೆಲ್ ಒತ್ತದೆ ಮತ್ತೊಬ್ಬರ ಕಾರಿಗೆ ಕೈ ಹಾಕಿದ್ದು ಯಾರು ಮಾರಾಯ್ರೆ?"

"ನೀವೇನು ಪೂಜಾ ಮಾಡ್ಲಿಕ್ಕೆ ಕೈ ಹಾಕಿದ್ರೇನು?"

"ಸಾಕು!"

ಮಹಡಿಯ ಬಾಲ್ಕನಿಯಿಂದ ಮರಾಠಿಯಲ್ಲಿ ಗುಡುಗು ಬಿತ್ತು. ಬಿಳಿ ಬನಿಯನ್, ಮೂಗಿನ ತುದಿಗೆ ಕನ್ನಡಕ. ಇವರೇ ಮಾರ್ತಾಂಡರಾಯರು, ಕಾರಿನ ಒಡೆಯರು. ಅವರ ಗೇಟಿಗೆ ಹೀಗೊಂದು ಬೋರ್ಡು ತೂಗುತ್ತಿತ್ತು: "ಕಾರು ಮಾರಾಟಕ್ಕಿದೆ. ದಲ್ಲಾಳಿಗಳು, ಅವಸರದವರು, ಅವಿವಾಹಿತರು ಬೆಲ್ ಒತ್ತಬಾರದು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಯಾರೂ ಒತ್ತಬಾರದು."

"ಜಗಳ ಮನೆಯಲ್ಲೇ ಮುಗಿಸಿಕೊಂಡು ಬರಬಾರದೇ?" ರಾಯರು ಒಳಗೆ ತಿರುಗಿ ಕೂಗಿದರು. "ಇಂದೂ! ಚಹಾ ಇಡು. ಅಂತೂ ಗಂಡಹೆಂಡತಿ ಅಂತ ಒಂದು ಜೋಡಿ ಬಂದಿದೆ! ನನಗೆ ಆ ಭಾಷೆ ಬಾರದು, ಆದರೆ ಧಾಟಿ ಗೊತ್ತು. ಲಗ್ನವಾಗದವರು ಇಷ್ಟು ಚೆನ್ನಾಗಿ ಜಗಳವಾಡುವುದಿಲ್ಲ."

ಸುಮಂಗಲಾ "ಇಲ್ಲ ಸಾಹೇಬ್..." ಎಂದು ಬಾಯಿ ತೆರೆದಳು.

"ಸಂಸಾರಸ್ಥರಿಗೆ ಅರವತ್ತೈದು ಸಾವಿರ," ಅಂದರು ರಾಯರು. "ಉಳಿದವರಿಗೆ ಮಾರುವುದೇ ಇಲ್ಲ."

ತೊಂಬತ್ತಮೂರರ ಮಾಡೆಲ್, ಎಂಟೇ ವರ್ಷ ಓಡಿದ ಮಾರುತಿ ಎಂಟುನೂರು. ಪೇಟೆಯಲ್ಲಿ ತೊಂಬತ್ತು ಸಾವಿರಕ್ಕೆ ಕಡಿಮೆ ಇಲ್ಲ.

ತೆರೆದ ಬಾಯಿಯನ್ನು ಸುಮಂಗಲಾ ಮುಚ್ಚಿದಳು. ಓರೆಗಣ್ಣಿನಿಂದ ನೋಡಿದರೆ, ಆ ಮಹಾರಾಯನೂ ಬಾಯಿ ಮುಚ್ಚಿ ನಿಂತಿದ್ದ!

ಆಮೇಲಿನ ಅರ್ಧ ಗಂಟೆ ಇಬ್ಬರೂ ಕಾರಿನ ಸುತ್ತ ಸುತ್ತಿದರು. ಅವನು ಬಾಗಿಲು, ಮಡ್ಗಾರ್ಡುಗಳಿಗೆಲ್ಲ ಅಯಸ್ಕಾಂತ ಅಂಟಿಸಿದ. ಅವಳು ಆಯಿಲ್ ಮುಚ್ಚಳ ಬಿಚ್ಚಿ ಒಳಗೆ ಬಿಳಿ ಕೆನೆಯಂಥದ್ದೇನಾದರೂ ಇದೆಯೇ ನೋಡಿದಳು. ಇದ್ದರೆ ಎಂಜಿನ್ ಒಳಗೆ ನೀರು ಸೇರಿದೆ ಎಂದರ್ಥ. ಬ್ರೇಕ್ ಪೆಡಲಿನ ರಬ್ಬರ್ ಮುಟ್ಟಿದಳು. ಮೀಟರನ್ನು ತಿರುಗಿಸಿ ಸುಳ್ಳು ಹೇಳಿಸಬಹುದು. ಸವೆದ ರಬ್ಬರಿಗೆ ಸುಳ್ಳು ಬರುವುದಿಲ್ಲ.

"ತುಕ್ಕು ಭಾಳ ಅದ ನೋಡ್ರಿ," ಅವಳು ಕನ್ನಡದಲ್ಲಿ ಪಿಸುಗುಟ್ಟಿದಳು. "ಬಿಟ್ಟುಬಿಡ್ರಿ, ನಿಮಗ ಸರಿ ಆಗಂಗಿಲ್ಲ."

"ಹೌದೌದು. ಹೊಗೆಯೂ ನೀಲಿ ಉಂಟು. ನೀವೂ ಬಿಡಿ."

ತುಕ್ಕೂ ಇರಲಿಲ್ಲ, ಹೊಗೆಯೂ ಇರಲಿಲ್ಲ. ಕಾರು ಬಂಗಾರದಂತಿತ್ತು.

ರಾಯರು ಕೊನೆಗೆ ಷರತ್ತು ಹಾಕಿದರು: ಇನ್ನೆರಡು ಭಾನುವಾರ ಜೋಡಿಯಾಗಿ ಬರಬೇಕು. ಓಡಿಸಿ ತೋರಿಸಬೇಕು. ಕಾರು ಒಳ್ಳೆಯ ಮನೆಗೆ ಹೋಗುತ್ತದೆಂದು ತಮಗೆ ಖಾತ್ರಿಯಾಗಬೇಕು.

ಮೂಲೆಯ ಚಹಾದಂಗಡಿಯಲ್ಲಿ ಇಬ್ಬರ ಒಪ್ಪಂದವಾಯಿತು. ಮೂರನೆಯ ಭಾನುವಾರದೊಳಗೆ ಒಬ್ಬರು ಹಿಂದೆ ಸರಿಯಬೇಕು. ಅವನ ಹೆಸರು ರಿತೇಶ್. ಶಿವಾಜಿನಗರದಲ್ಲಿ ಹೋಟೆಲ್ ನಡೆಸುವ ಕುಂದಾಪುರದ ಕಾಂತಪ್ಪನವರ ಮಗ. ಸುಮಂಗಲಾ ತನ್ನ ಆರುನೂರು ರೊಟ್ಟಿಯ ಕಥೆ ಹೇಳಿದಳು.

"ಮತ್ತ ನಿಮಗ್ಯಾಕ ಬೇಕ್ರಿ ಕಾರು?"

ರಿತೇಶ್ ಕಿವಿಯವರೆಗೆ ಕೆಂಪಾದ. "ನಮ್ಮ ಅಮ್ಮನ ಹಟ. ಮೇ ಹದಿನೆಂಟಕ್ಕೆ ಊರಲ್ಲಿ ಹೆಣ್ಣು ನೋಡ್ಲಿಕ್ಕುಂಟು. ಹಿಂದಿನ ಎರಡು ಕಡೆಯವರೂ ಕೇಳಿದ್ರಂತೆ, ಹುಡುಗನಿಗೆ ಕಾರು ಉಂಟಾ ಅಂತ."

ಸುಮಂಗಲಾ ಚಹಾ ನೆತ್ತಿಗೇರುವಷ್ಟು ನಕ್ಕಳು. "ಹೆಣ್ಣು ಯಾರನ್ನ ಮಾಡ್ಕೊಳ್ತದ್ರಿ, ನಿಮ್ಮನ್ನೋ ಮಾರುತಿನೋ?"

ಆ ದಿನ ನಕ್ಕಳು. ಎರಡನೆಯ ಭಾನುವಾರ ನಗು ಬರಲಿಲ್ಲ.

ಆವತ್ತು ರಾಯರು ಇಬ್ಬರನ್ನೂ ಕಾರಿನಲ್ಲಿ ಕೂರಿಸಿ ಊರಾಚೆಯ ಏರುದಾರಿಗೆ ಹೊರಡಿಸಿದರು. ನಡು ಏರಿನಲ್ಲಿ ನಿಲ್ಲಿಸಿ, ಒಂದು ಗೇಣೂ ಹಿಂದೆ ಜಾರದಂತೆ ಮತ್ತೆ ಹೊರಡಿಸಬೇಕು. ಸ್ಟಿಯರಿಂಗ್ ಹಿಡಿದವಳು ಸುಮಂಗಲಾ. ಪಕ್ಕದಲ್ಲಿ ರಿತೇಶ್. ಹಿಂದೆ ರಾಯರು.

ಎಂಜಿನ್ ಆಫ್ ಆಯಿತು. ಹಿಂದೆ ಲಾರಿಯೊಂದು ಹಾರ್ನ್ ಒತ್ತಿಕೊಂಡೇ ನಿಂತಿತು. ಚಾಲಕ ತಲೆ ಹೊರಹಾಕಿ ಏನೇನೋ ಅಂದ. ಅವಳು ಮತ್ತೆ ಕೀಲಿಗೆ ಕೈ ಹಾಕಿದಳು...

'ಈಗ ಇವನು ಹ್ಯಾಂಡ್‌ಬ್ರೇಕಿಗೆ ಕೈ ಹಾಕ್ತಾನೆ. ಸರಿಯಿರಿ, ನಾನು ಓಡಿಸ್ತೇನೆ ಅಂತಾನೆ. ಎಲ್ಲ ಗಂಡಸರೂ ಅನ್ನೋದು ಅದನ್ನೇ.'

ರಿತೇಶ್ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಲಾರಿಯ ಕಡೆ ತಿರುಗಿಯೂ ನೋಡಲಿಲ್ಲ.

"ನಿಧಾನ. ನಿಮಗೆ ಬರ್ತದೆ," ಅಂದ ಅಷ್ಟೇ.

ಬಂತು! ಕಾರು ಒಂದು ಬೆರಳೂ ಜಾರದೆ ಏರು ಹತ್ತಿತು.

ಗಾಡಿ ಮೇಲೆ ಹೋಯಿತು, ಸುಮಂಗಲಾಳ ಮನಸ್ಸು ಮಾತ್ರ ಬೇರೆಲ್ಲೋ ಜಾರಿತು. ವಾಪಸು ಬರುವಾಗ ಕೇಳಬಾರದಿತ್ತು, ಕೇಳಿದಳು. "ಆ ಹುಡುಗಿ... ಚೆಂದ ಅದಾಳೇನ್ರಿ?"

"ಫೋಟೋದಲ್ಲಿ ಚಂದ ಇದ್ದಾಳೆ."

ಸುಮಂಗಲಾ ಬೇಕಾದ್ದಕ್ಕಿಂತ ಜೋರಾಗಿ ಗೇರ್ ಬದಲಿಸಿದಳು. ಮನೆ ಮುಟ್ಟಿದ ಮೇಲೆ ರಿತೇಶ್ ರಾಯರ ಅಪ್ಪಣೆ ಕೇಳಿ ಒಳಗೆ ಫೋನು ಮಾಡಲು ಹೋದ. ಕಿಟಕಿಯಿಂದ ಕಾಣುತ್ತಿತ್ತು; ಬೆನ್ನು ತಿರುಗಿಸಿ, ರಿಸೀವರ್ ಬಾಯಿಗೆ ಒತ್ತಿಕೊಂಡು, ಹತ್ತು ನಿಮಿಷ ಪಿಸುಪಿಸು.

'ಆ ಹುಡುಗಿಗೇ ಇರಬೇಕು. ಇರಲಿ... ನಾ ಬಂದಿದ್ದು ಕಾರಿಗೆ. ನನಗ್ಯಾಕ ಬೇಕು?'

ಆದರೆ ಆ ವಾರ ಅವಳು ಬಡಿದ ರೊಟ್ಟಿಗಳೆಲ್ಲ ಹರಿದವು. ತಾಯಿ ಮಾನಮ್ಮ ಎರಡು ದಿನ ನೋಡಿದಳು, ಮೂರನೆಯ ದಿನ ಕೇಳಿದಳು, "ಯಾರ ಮ್ಯಾಲಿನ ಸಿಟ್ಟು ಬೇ ಇದು? ಹಿಟ್ಟಿಂದೇನೂ ತಪ್ಪಿಲ್ಲ."

ಮೂರನೆಯ ಭಾನುವಾರ ರಿತೇಶ್ ಗೇಟಿನಲ್ಲೇ ಕಾಯುತ್ತಿದ್ದ.

"ಕಾರು ನಿಮಗೇ. ನಾನು ಹಿಂದೆ ಸರೀತೇನೆ."

"ದಾನ ಬ್ಯಾಡ ನನಗ! ಬೀಗರು ಇದಕ್ಕಿಂತ ದೊಡ್ಡದು ಕೊಡಿಸ್ತಾರೇನು?"

"ಯಾವ ಬೀಗರು? ಸುಮಂಗಲಾ, ನನ್ನ ಮಾತು ಸ್ವಲ್ಪ..."

"ಒಳಗೆ ಬನ್ನಿ!" ರಾಯರ ಗುಡುಗು. ಮೇಜಿನ ಮೇಲೆ ಆರ್.ಟಿ.ಓ. ಫಾರಂಗಳು ಸಿದ್ಧವಾಗಿದ್ದವು. "ಏರು ಹತ್ತಿಸಿದವಳು ಅವಳು. ಗಾಡಿ ಹೆಂಡತಿಯ ಹೆಸರಿಗೇ ಆಗಲಿ. ಹೆಸರು?"

"ಸುಮಂಗಲಾ."

"ಇಂಥವರ ಮಗಳು ಅಥವಾ ಹೆಂಡತಿ... ಹೆಂಡತಿ. ಗಂಡನ ಹೆಸರು ರಿತೇಶ್, ಅಲ್ಲವೇ?" ಪೆನ್ನಿನ ತುದಿ ಕಾಗದ ಮುಟ್ಟಿತು.

ಒಂದೇ ಹೆಸರು. ಒಂದು ಗಳಿಗೆ ಸುಮ್ಮನಿದ್ದರೆ ಕಾರು ಅವಳದು, ಆರುನೂರು ರೊಟ್ಟಿ ಅವಳದು.

"ಬರೀಬ್ಯಾಡ್ರಿ!" ಕನ್ನಡದಲ್ಲೇ ಚೀರಿ, ಆಮೇಲೆ ಮರಾಠಿಗೆ ತಿರುಗಿದಳು. "ಸಾಹೇಬ್, ಇವರು ನನ್ನ ಗಂಡ ಅಲ್ಲ. ಇಬ್ಬರೂ ಬೇರೆ ಬೇರೆ ಬಂದ ಗಿರಾಕಿಗಳು. ಸುಳ್ಳು ಹೇಳಲಿಲ್ಲ, ಆದರೆ ನೀವು ತಪ್ಪು ತಿಳಿದಾಗ ಬಾಯಿ ಮುಚ್ಚಿಕೊಂಡೆವು. ಅದೂ ಸುಳ್ಳೇ."

ರಾಯರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳುಪಾಯಿತು. "ಮೂರು ವಾರ ಬಾಯಿ ಮುಚ್ಚಿಕೊಂಡವಳು ಇವತ್ತೇಕೆ ತೆರೆದೆ? ಇನ್ನೊಂದು ನಿಮಿಷ ಸುಮ್ಮನಿದ್ದರೆ ಆಗಿಹೋಗುತ್ತಿತ್ತಲ್ಲ!"

ಸುಮಂಗಲಾ ಫಾರಂನ ಆ ಗೆರೆಯ ಮೇಲೆ ಬೆರಳಿಟ್ಟಳು. "ನಮ್ಮಪ್ಪ ಧರ್ಮಣ್ಣ. ಯಾದಗಿರಿ ಕಡೆಯಿಂದ ಬಂದು ಈ ಊರಿನಲ್ಲಿ ಇಪ್ಪತ್ತೈದು ವರ್ಷ ಸಿಮೆಂಟ್ ಹೊತ್ತಿದ್ದಾನೆ. ಎಷ್ಟೋ ಮನೆ ಕಟ್ಟಿದ, ಯಾವ ಕಾಗದದಲ್ಲೂ ಅವನ ಹೆಸರಿಲ್ಲ. ಇದೊಂದು ಕಾಗದದಲ್ಲಿ ಬರಬೇಕಿತ್ತು, ಸಾಹೇಬ್. ಆ ಜಾಗದಲ್ಲಿ ಬೇರೆ ಹೆಸರು ನೋಡಲಿಕ್ಕೆ ನನ್ನಿಂದ ಆಗಲಿಲ್ಲ."

ರಾಯರು ಪೆನ್ನಿನ ಮುಚ್ಚಳ ಹಾಕಿದರು. ಮುಗಿಯಿತು... ಸುಮಂಗಲಾ ಎದ್ದು ನಿಂತಳು.

"ಕೂಡ್ರು ಬೇ, ಚಹಾ ತಂದೀನಿ."

ಮೂರು ವಾರದಿಂದ ಮರಾಠಿಯ ಹೊರತು ಬೇರೆ ಮಾತೇ ಆಡದಿದ್ದ ರಾಯರ ಹೆಂಡತಿ ಇಂದೂತಾಯಿ, ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಪ್ಪಟ ಕನ್ನಡ!

"ನಿಮಗ... ಕನ್ನಡ...?"

"ನನ್ನ ತವರುಮನಿ ಅಕ್ಕಲಕೋಟಿ. ಮೊದಲ ದಿನದ ಜಗಳನೂ ತಿಳೀತು, ಎಲ್ಲಾನೂ ತಿಳೀತು."

"ಮತ್ತ ಯಾಕ ಹೇಳಲಿಲ್ರಿ?"

"ಹೇಳಿದ್ರ ಈ ಮನುಷ್ಯಾ ನಿಮ್ಮನ್ನೂ ಓಡಿಸ್ತಿದ್ರು! ಎಂಟು ತಿಂಗಳದಾಗ ಹನ್ನೊಂದು ಗಿರಾಕಿ ಓಡಿಸ್ಯಾರ. ಕಣ್ಣಿನ ಪೊರೆ ತೆಗೆಸಿದ್ರೂ ನೋಟ ಸರಿ ಇಲ್ಲ, ಗಾಡಿ ಹೊಡೀಲಿಕ್ಕೆ ಆಗೂದಿಲ್ಲ, ಮಾರಲಿಕ್ಕೂ ಮನಸ್ಸಿಲ್ಲ. ಕಾರು ನಿಂತ ಜಾಗಾದಾಗ ನಾ ಮಲ್ಲಿಗಿ ಕುಂಡ ಇಡಬೇಕಂದ್ರ ಮುಹೂರ್ತನೇ ಬರವಲ್ದು!" ಆಮೇಲೆ ಗಂಡನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು, "ಹನ್ನೊಂದು ಜನರಲ್ಲಿ ಒಬ್ಬರಾದರೂ ತಮಗೆ ನಷ್ಟವಾಗುವ ನಿಜ ಹೇಳಿದ್ದಾರೆಯೇ? ಬರೆಯಿರಿ. ಧರ್ಮಣ್ಣನ ಮಗಳು."

ರಾಯರು ಹೆಂಡತಿಯನ್ನು ನೋಡಿದರು. ಫಾರಂ ನೋಡಿದರು. ಮೂಗಿನಲ್ಲಿ ಏನೋ ಗೊಣಗಿ ಪೆನ್ನು ತೆರೆದರು. "ಕಾಗುಣಿತ ಹೇಳು," ಅಂದರು ಸುಮಂಗಲಾಳಿಗೆ. "ತಂದೆಯ ಹೆಸರು ತಪ್ಪಾಗಬಾರದು."

ಸುಮಂಗಲಾಳಿಗೆ ಅಕ್ಷರಗಳು ಮಂಜಾದವು.

"ಮತ್ತ ಈ ಹುಡುಗ," ಇಂದೂತಾಯಿ ಚಹಾ ಕೊಡುತ್ತ ನಿಲ್ಲಿಸಲಿಲ್ಲ, "ಹೋದ ವಾರ ಫೋನಿನಾಗ ಅವರವ್ವನ ಜೋಡಿ ಮಾತಾಡಿದ್ದೂ ಕೇಳೀನಿ. ಇವರ ಕಡೆ ಕನ್ನಡ ಅರ್ಧ ತಿಳೀಲಿಲ್ಲ, ಆದ್ರ ಮುಖ್ಯದ್ದು..."

"ಅಜ್ಜಿ, ಬೇಡ!" ರಿತೇಶ್ ಹಾರಿ ಎದ್ದ. ಕಪ್ಪಿನ ಚಹಾ ಚೆಲ್ಲಿತು. "ಅದೊಂದನ್ನು ನಾನೇ ಹೇಳ್ತೇನೆ!"

ಇಬ್ಬರೂ ಅಂಗಳಕ್ಕೆ ಬಂದರು. ಮೇ ತಿಂಗಳ ಬಿಸಿಲು. ಸುಮಂಗಲಾ ನೆಲ ನೋಡುತ್ತಿದ್ದಳು.

"ಅಮ್ಮನಿಗೆ ಹೇಳಿದೆ, ಹೆಣ್ಣು ನೋಡ್ಲಿಕ್ಕೆ ಬರುವುದಿಲ್ಲ ಅಂತ. ಕಾರೂ ಬೇಡ ಅಂತ."

"...ಅವರೇನಂದ್ರು?"

"ಕಾರು ಬೇಡ, ಹೆಣ್ಣು ಬೇಡ, ಮತ್ತೆ ನಿನಗೆ ಬೇಕಾದ್ದಾದ್ರೂ ಎಂತ ಅಂತ ಕೇಳಿದ್ರು."

"ನೀವೇನಂದ್ರಿ?"

"ಭಾನುವಾರ ಬೇಕು ಅಂದೆ." ರಿತೇಶನ ದನಿ ತಗ್ಗಿತು. "ಬರೀ ಭಾನುವಾರಕ್ಕೆ ಕಾಯ್ತಾ ಇದ್ದೇನೆ, ಸುಮಂಗಲಾ. ಇನ್ನು ಕಾರು ಸಿಕ್ಕಿತು. ನಿಮಗೆ ಇಲ್ಲಿಗೆ ಬರುವ ಕೆಲಸ ಇಲ್ಲ, ನನಗೆ ಭಾನುವಾರ ಇಲ್ಲ. ಅದಕ್ಕೇ ಹೆದರಿಕೆ."

ಹೆದರಬೇಕಾದದ್ದು ಬೇಕಾದಷ್ಟಿತ್ತು. ಯಾದಗಿರಿಯ ಧರ್ಮಣ್ಣ, ಕುಂದಾಪುರದ ಕಾಂತಪ್ಪ, ಎರಡೂ ಕಡೆಯ ನೆಂಟರು... ಸುಮಂಗಲಾಳಿಗೆ ಅದೆಲ್ಲ ಗೊತ್ತಿತ್ತು. ಗೊತ್ತಿದ್ದೂ ತುಟಿಯಂಚಿಗೆ ಬಂದ ನಗುವನ್ನು ತಡೆಯಲಾಗಲಿಲ್ಲ.

"ನಮ್ಮಪ್ಪ ಭಾಳ ಪ್ರಶ್ನೆ ಕೇಳ್ತಾನ."

"ಕೇಳಲಿ. ಸೋಮವಾರ ಬರಲಾ?"

"ಸೋಮವಾರ ರೊಟ್ಟಿ ಬಡಿಯೋದದ."

"ಮಂಗಳವಾರ?"

"ಅವತ್ತೂ ಬಡಿಯೋದದ."

"ಮತ್ತೆ ನನಗೆ ಯಾವ ವಾರ ಮಾರಾಯ್ತಿ?"

ಸುಮಂಗಲಾ ಕಣ್ಣೆತ್ತಿ ನೋಡಿದಳು. ಮೊದಲ ಸಲ ನಾಚಿಕೆಯಿಲ್ಲದೆ, ತುಂಬಾ ಹೊತ್ತು.

"ಎಲ್ಲಾ ವಾರ ಬರ್ರಿ... ಬುಟ್ಟಿ ಎತ್ತೋರು ಬೇಕಾಗ್ಯಾರ."