ಮೊದಲ ಪುಟದ ಮಸುಕು ಫೋಟೋ

"ಇದನ್ನ ನೋಡಿದವರು ಊಟಕ್ಕೆ ಬರಲ್ಲ, ಇದ್ದ ಹಸಿವೂ ಓಡಿಹೋಗುತ್ತೆ. ಯಾರು ಮಾಡಿದ್ದು ಈ ವೆಬ್‌ಸೈಟ್?"

"ನಾನು."

ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತವಳನ್ನು ಕಂಡು ಡಿಸೈನರ್ ಲ್ಯಾಪ್‌ಟಾಪನ್ನು ತುಸು ತನ್ನತ್ತ ಎಳೆದುಕೊಂಡ. ಆದರೆ ಬಾಯಿ ಮುಚ್ಚಲಿಲ್ಲ. ಪುಟ ತೆರೆದ ಕೂಡಲೇ ಸಂಗೀತ ಯಾಕೆ, ನಕ್ಷತ್ರ ಯಾಕೆ ಉದುರಬೇಕು, ಹೋಟೆಲ್ ತೆರೆಯುವ ಸಮಯವನ್ನು ಪಾತಾಳದಲ್ಲಿ ಯಾಕೆ ಬಚ್ಚಿಟ್ಟಿದ್ದೀರಿ ಎಂದು ಒಂದೊಂದೇ ಕೇಳಿದ. ಫೋಟೋಗಳೆಲ್ಲ ಮಸುಕು, ಒಂದನ್ನೂ ಉಳಿಸುವುದಿಲ್ಲ ಎಂದ.

'ಎಂಥ ಸೊಕ್ಕು ಇವನಿಗೆ...'

ಹೆತ್ತವರಿಗೆ ಹೆಗ್ಗಣ ಮುದ್ದು. ಯಾರೂ ಕಲಿಸದೆ, ತಾನೇ ತಡಕಾಡಿ ಕಟ್ಟಿದ ಪುಟ ಅದು. ಅವಳಿಗೆ ಮೈಯೆಲ್ಲ ಉರಿಯಿತು.

ಅವನನ್ನು ಕರೆಸಿದ್ದು ಅಪ್ಪ. ಹೋಟೆಲಿನಲ್ಲಿ ಇದ್ದದ್ದೇ ಆರು ಮೇಜು, ಅವೂ ಖಾಲಿ. ಹೊಸ ವೆಬ್‌ಸೈಟ್ ನೋಡಿ ಜನ ಬಂದರೆ ಸರಿ, ಇಲ್ಲದಿದ್ದರೆ ಬಾಗಿಲು ಹಾಕಿಬಿಡೋಣ ಎಂದು ಅಪ್ಪ ಹೇಳಿಯಾಗಿತ್ತು.

ಅಪ್ಪನ ಕೈ ನಡುಗತೊಡಗಿದ ಮೇಲೆ ಒಲೆ ಮಗಳದಾಗಿತ್ತು. ಆದರೆ ವೆಬ್‌ಸೈಟಿನಲ್ಲಿ ಇವತ್ತಿಗೂ ಅಡುಗೆ ಅಪ್ಪನದೇ. ಅದನ್ನು ಬದಲಿಸಿದರೆ ಕೂತವರನ್ನು ಎಬ್ಬಿಸಿ ಕುರ್ಚಿ ಕಿತ್ತುಕೊಂಡಂತೆ ಎಂದು ಅವಳ ಸಂಕಟ.

"ಏನು ಬೇಕಾದ್ರೂ ಬದಲಾಯಿಸಿ. ಅಪ್ಪನ ಹೆಸರು ಮಾತ್ರ ಮುಟ್ಟಬೇಡಿ," ಎಂದಳು. ಅವನು ಆಗಲಿ ಎಂದು ತಲೆಯಾಡಿಸಿದ.

ಅಂದಿನಿಂದ ದಿನವೂ ಮಧ್ಯಾಹ್ನ ಬಂದು ಮೂಲೆಯ ಮೇಜು ಹಿಡಿಯುತ್ತಿದ್ದ. ಮೇಜು ಕಾಯ್ದಿರಿಸುವ ಬಟನ್ ಒಂದು ದಿನ ಹಸಿರು, ಮರುದಿನ ಕೆಂಪು, ಮತ್ತೆ ಹಸಿರು. ಅವಳು ಅವನಿಗೆ 'ಗೋಸುಂಬೆ' ಎಂದು ಹೆಸರಿಟ್ಟಳು, ಕೇಳಿಸುವಂತೆಯೇ. ಅವನೇನು ಕಡಿಮೆಯೇ? ದಿನಾ ಉಪ್ಪಿನ ಮೇಲೆ ತಕರಾರು ಎತ್ತುತ್ತಿದ್ದ, ತಟ್ಟೆ ಮಾತ್ರ ತೊಳೆದಿಟ್ಟಂತೆ ಖಾಲಿ ಮಾಡುತ್ತಿದ್ದ.

ಒಂದು ದಿನ ಅವನು ಬರಲಿಲ್ಲ. ಅವನ ಪಾಲಿನ ಸೂಪು ಆರಿಹೋಯಿತು. ಬಾಗಿಲ ಕಡೆ ಎಷ್ಟು ಸಲ ನೋಡಿದೆ ಎಂದು ಅವಳಿಗೇ ನಾಚಿಕೆಯಾಯಿತು. 'ಆ ಗೋಸುಂಬೆಗಾಗಿ ನಾನ್ಯಾಕೆ ಕಾಯಲಿ?' ಎಂದುಕೊಂಡಳು. ಆದರೂ ಕಾದಳು.

ಹೊಸ ಪುಟ ತೆರೆದ ಬೆಳಿಗ್ಗೆ ಅವಳು ಫೋನ್ ಹಿಡಿದು ಕೂತಳು. ಸಮಯ, ವಿಳಾಸ, ಇವತ್ತಿನ ಅಡುಗೆ, ಎಲ್ಲವೂ ಕಣ್ಣೆದುರಿಗೇ ಇತ್ತು. ಚೆನ್ನಾಗಿದೆ ಎಂದು ಒಪ್ಪಲೇಬೇಕಿತ್ತು... ಆದರೆ ಮೇಲೆ?

ಮೇಲೆ, ಅಪ್ಪನ ಹೆಸರಿದ್ದ ಕಡೆ, ಅವಳೇ ಇದ್ದಳು. ಸೌಟಿನ ಹನಿಯನ್ನು ಎಡ ಅಂಗೈಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿ ರುಚಿ ನೋಡುತ್ತಿದ್ದಳು. ಬಡಿಸುವ ಮುಂಚಿನ ಆ ಹನಿಯನ್ನು ಅವಳು ಯಾರಿಗೂ ಕೊಟ್ಟವಳಲ್ಲ. ಕೆಳಗೆ ಒಂದೇ ಸಾಲು: 'ಈಗ ಒಲೆ ನನ್ನ ಮಗಳದು.' ಅದೂ ಎಂಥ ಮಸುಕು ಫೋಟೋ!

ಅವನು ಬಂದು ಮೂಲೆಯ ಮೇಜಿನಲ್ಲಿ ಕೂತ ತಕ್ಷಣ ಅವಳು ಎದುರು ನಿಂತಳು.

"ಅಪ್ಪನ ಹೆಸರು ಮುಟ್ಟಬೇಡಿ ಅಂದಿದ್ದೆ. ನಂಬಿಸಿ ಕತ್ತು ಕೊಯ್ದ್ರಿ. ನನ್ನ ಫೋಟೋ ಎಲ್ಲಾ ಮಸುಕು ಅಂತ ಬಿಸಾಕಿ, ಇದನ್ನ ತಂದು ಹಾಕಿದ್ದೀರಾ? ಎದ್ದು ಹೋಗಿ ಇಲ್ಲಿಂದ."

ಅವನು ಲ್ಯಾಪ್‌ಟಾಪ್ ಎತ್ತಿಕೊಂಡು ಎದ್ದ. ಆಗ ಅಪ್ಪ ಒಳಗಿಂದ ಬಂದರು.

"ಅವನನ್ನ ಯಾಕೆ ಬೈತೀಯ? ಫೋಟೋ ತೆಗೆದದ್ದು ನಾನು. ಆ ಸಾಲೂ ನಂದೇ. ಪುಟ ತೆರೆಯೋವರೆಗೂ ನಿನಗೆ ಹೇಳಬೇಡ ಅಂದಿದ್ದೂ ನಾನೇ." ಅಪ್ಪನ ದನಿ ತಗ್ಗಿತು. "ನೀನು ಬೇಯಿಸ್ತೀಯ, ಹೊಗಳಿಕೆ ನಾನು ತಿಂತೀನಿ. ಗಂಟಲಲ್ಲಿ ಇಳೀತಿರಲಿಲ್ಲ ಮಗಳೇ."

ಅವಳು ಅಪ್ಪನ ಕೈ ನೋಡಿದಳು. ಮೇಜಿನ ಅಂಚು ಹಿಡಿದಿದ್ದರೂ ಅದು ನಡುಗುತ್ತಲೇ ಇತ್ತು.

"ಅದನ್ನ ಸ್ಪಷ್ಟ ಮಾಡೋಕೆ ನೋಡಿದೆ," ಎಂದ ಡಿಸೈನರ್. "ಆದ್ರೆ ಆ ಮಸುಕು ಅವರ ಕೈಯ ನಡುಕ ಅಲ್ವಾ? ಅಳಿಸೋಕೆ ಮನಸ್ಸು ಬರಲಿಲ್ಲ."

ಅವಳು ಅಡುಗೆಮನೆಗೆ ಹೋಗಿ ಮನಸಾರೆ ಅತ್ತಳು. ಇಷ್ಟು ದಿನ ಅವನ ಮೇಲಿನ ಕೋಪ ಎಂದುಕೊಂಡದ್ದೆಲ್ಲ ಕೋಪವಾಗಿರಲಿಲ್ಲ ಎಂದು ಅಳುತ್ತಲೇ ತಿಳಿಯಿತು.

ಮೇಜುಗಳು ಮೆಲ್ಲಗೆ ತುಂಬತೊಡಗಿದವು. ಬಂದವರು ಫೋನ್ ತೋರಿಸಿ, ಈ ಫೋಟೋದಲ್ಲಿರುವವರೇ ಅಡುಗೆ ಮಾಡುವುದಾ ಎಂದು ಕೇಳುತ್ತಿದ್ದರು. ಅಪ್ಪ ಬಾಗಿಲಲ್ಲಿ ನಿಂತು, ಹೌದು, ನನ್ನ ಮಗಳು ಎನ್ನುತ್ತಿದ್ದರು. ಬಾಗಿಲು ಹಾಕುವ ಮಾತು ಮತ್ತೆ ಬರಲಿಲ್ಲ.

ಒಂದು ಮಧ್ಯಾಹ್ನ ಅವನು ಲ್ಯಾಪ್‌ಟಾಪ್ ಮಡಚಿ ಅಡುಗೆಮನೆಯ ಬಾಗಿಲಿಗೆ ಬಂದ.

"ಕೆಲಸ ಮುಗೀತು. ನಿಜ ಹೇಳಬೇಕಂದ್ರೆ... ಯಾವಾಗಲೋ ಮುಗಿದಿತ್ತು. ನಿಮ್ಮನ್ನ ನೋಡೋಕೆ ನೆಪ ಬೇಕಿತ್ತು, ಬಟನ್ ಬಣ್ಣ ಬದಲಾಯಿಸ್ತಾ ಕೂತಿದ್ದೆ. ನೀವಂದ್ರೆ ನಂಗೆ ತುಂಬಾ ಇಷ್ಟ, ನಿಮ್ಮ ಬೈಗುಳದ ಸಮೇತ."

ಅವಳು ಕುದಿಯುವ ಪಾತ್ರೆಯಿಂದ ಸೌಟು ಎತ್ತಿ, ಊದಿ ಆರಿಸಿ, ಅವನ ಎಡಗೈ ಹಿಡಿದು ಅಂಗೈಗೆ ಒಂದು ಹನಿ ಬಿಟ್ಟಳು.

ಅವನು ಕಣ್ಣು ಮುಚ್ಚಿ ರುಚಿ ನೋಡಿದ.

"ಉಪ್ಪು ಸ್ವಲ್ಪ ಕಡಿಮೆ."

"ಹಾಗಾದ್ರೆ ನಾಳೆನೂ ಬಂದು ನೋಡಿ ಹೇಳಿ," ಎಂದಳು, ಹಿಡಿದ ಕೈ ಬಿಡದೆ. "ಇನ್ಮೇಲೆ ದಿನಾ ಬನ್ನಿ... ಗೋಸುಂಬೆ."