ಸೋನಾಲಿಯ ವಿಹೀರ್

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು.

ಸೋನಾಲಿ ತನ್ನ ಚಾರ್ಟನ್ನು ಇನ್ನೊಮ್ಮೆ ನೋಡಿಕೊಂಡಳು. ಚಂದದ ಬಾವಿ. ಗಡಗಡಿ ಇದೆ, ಹಗ್ಗ ಇದೆ, ಕೊಡವೂ ಇದೆ. ನಗುವಂಥದ್ದೇನು?

“ನಾನು ಬರೆಯಲು ಹೇಳಿದ್ದು ವಿಹಾರ, ವಿಹೀರ್ ಅಲ್ಲ!” ಟೀಚರ್ ನಗು ತಡೆದುಕೊಂಡರು. “ಮಾರ್ಕೆಟ್ ಹಿಂದಿನ ಹಳೇ ಬುದ್ಧ ವಿಹಾರ. ಅದರ ಇತಿಹಾಸ ಕೇಳಿಕೊಂಡು ಬಾ. ನಾಳೆ ನೀನೇ ಹೇಳಬೇಕು.”

ಮರಾಠಿಯಲ್ಲಿ ವಿಹೀರ್ ಎಂದರೆ ಬಾವಿ. ಯಾದಗಿರಿ ಕಡೆಯಿಂದ ಮೊನ್ನೆ ಮೊನ್ನೆ ಪುಣೆಗೆ ಬಂದ ಕಿವಿಗೆ ಎರಡೂ ಒಂದೇ ಥರ ಕೇಳಿಸಿದರೆ, ಪಾಪ, ಕಿವಿಯ ತಪ್ಪೇನು!

“ನಾಳೆನೂ ನಗ್ತಾರ. ನಾ ಸಾಲಿಗೇ ಬರಂಗಿಲ್ಲ,” ಎಂದಳು ಸೋನಾಲಿ ದಾರಿಯಲ್ಲಿ. ಕಣ್ಣು ತುಂಬಿತ್ತು.

“ಅಳಬ್ಯಾಡ. ರಬ್ಬರ್ ತಂದೀನಿ. ಬಾವಿ ಅಳಿಸಿ ವಿಹಾರ ಬರಿ,” ಎಂದಳು ಗೆಳತಿ ರೇಣು.

ರಿಕ್ಷಾ, ಬೈಕು, ತರಕಾರಿ ಗಾಡಿಗಳ ಗದ್ದಲದ ನಡುವೆ ವಿಹಾರ ತಣ್ಣಗೆ ಕುಳಿತಿತ್ತು. ಗೇಟಿನ ಪಕ್ಕ ನೀರಿನ ಮಡಕೆ. ಅರೆ! ಸೋನಾಲಿ ದಿನಾ ನೀರು ಕುಡಿಯುವ ಜಾಗವೇ ಇದು.

ಒಳಗೆ ಬುದ್ಧನ ಮುಂದೆ ಹೂವಿಡುತ್ತಿದ್ದ ಅಜ್ಜಿ ಚಾರ್ಟ್ ನೋಡಿ ಹತ್ತಿರ ಬಂದರು. “ಯಾರು ಬರದದ್ದು?”

“ನಾನ್ರಿ. ತಪ್ಪಾಗೇದ್ರಿ ಅಜ್ಜಿ.”

ಅಜ್ಜಿ ನಗಲಿಲ್ಲ. ಅವಳ ಕೈ ಹಿಡಿದು ವಿಹಾರದ ಹಿಂದಕ್ಕೆ ಕರೆದೊಯ್ದರು. ಅಲ್ಲೊಂದು ದುಂಡನೆಯ ಕಲ್ಲಿನ ಕಟ್ಟೆ. ಮೇಲೆ ಕಬ್ಬಿಣದ ಜಾಳಿಗೆ. ಬಗ್ಗಿ ನೋಡಿದರೆ, ಕೆಳಗೆ ನೀರು!

ಅಜ್ಜಿಯ ಮರಾಠಿ ನಿಧಾನ. ಸೋನಾಲಿಗೆ ಒಂದೊಂದು ಮಾತೂ ತಿಳಿಯಿತು.

“ನಾ ಆಗ ಸಣ್ಣಾಕಿ. ನಾವು ಮುಟ್ಟಿದ್ರ ನೀರು ಕೆಡ್ತದ ಅಂತ ನಮ್ಮನ್ನ ಯಾವ ಬಾವಿಗೂ ಬಿಡ್ತಿರಲಿಲ್ಲ. ಅದಕ್ಕ ನಮ್ಮಪ್ಪ, ಕಾಕಾ, ಓಣಿಯವರೆಲ್ಲ ಸೇರಿ ಇದನ್ನ ತೋಡಿದ್ರು. ಮುಂದ ನಾವು ಬೌದ್ಧರಾದ್ವಿ. ಬುದ್ಧನ್ನ ಎಲ್ಲಿ ಕೂಡಸೋದು ಅಂದಾಗ ಎಲ್ಲಾರೂ ಇಲ್ಲೇ ಅಂದ್ರು. ಮೊದಲು ವಿಹೀರ್, ಆಮ್ಯಾಲೆ ವಿಹಾರ. ನೀ ಸರಿಯಾಗೇ ಬರದೀ, ಮಗಳ.”

ಸೋನಾಲಿ ಗೇಟಿನ ಕಡೆ ತಿರುಗಿದಳು. “ಮತ್ತ ಗೇಟಿನ ಮಡಕಿ ಯಾರಿಗ್ರಿ?”

“ನೀರಡಿಸಿದವರಿಗೆ. ಯಾರು ಅಂತ ನಾವು ಕೇಳಂಗಿಲ್ಲ.”

ಹೊರಗೆ ಬಂದಾಗ ರೇಣು ರಬ್ಬರ್ ಮುಂದೆ ಹಿಡಿದಳು. “ಇದು?”

“ಒಳಗ ಇಡು. ಬಾವಿ ಇರ್ಲಿ. ಅದರ ಹಿಂದ ಬುದ್ಧನ್ನ ಬರೀತೀನಿ.”

ಗೇಟಿನ ಮಡಕೆಯ ನೀರನ್ನು ದಿನಾ ಗಟಗಟನೆ ಕುಡಿದು ಓಡುವ ಸೋನಾಲಿ ಇವತ್ತು ನಿಧಾನವಾಗಿ ಕುಡಿದಳು. ಬೆವರು ಒರೆಸಿಕೊಳ್ಳುತ್ತ ರಿಕ್ಷಾ ಕಾಕಾ ಒಬ್ಬರು ಹಿಂದೆ ಬಂದು ನಿಂತರು. ಅವರು ಯಾರೋ, ಯಾವ ಊರೋ.

ಸೋನಾಲಿ ಲೋಟ ತೊಳೆದು, ತುಂಬ ನೀರು ತುಂಬಿ, ಎರಡೂ ಕೈಯಲ್ಲಿ ಅವರಿಗೆ ಕೊಟ್ಟಳು.