ಬಗ್ಗಿದ ಗರಿ

"ಈ ಕೊನೆಯ ಗರಿ ಯಾಕೆ ಬಗ್ಗಿದೆ, ಮೇಡಂ?"

ಆ ಸ್ವರ ಕೇಳಿದ್ದೇ ತಡ, ಗ್ಲೆನಿಟಾ ಗಕ್ಕನೆ ತಿರುಗಿದಳು.

ಇರ್ವಿನ್! ಎಂಟು ತಿಂಗಳ ಮೇಲೆ, ಪೇಟೆ ನಡುವಿನ ಹಂಪನಕಟ್ಟೆಯ ಈ ಸಭಾಂಗಣದಲ್ಲಿ, ಅವಳದೇ ಪ್ರದರ್ಶನದಲ್ಲಿ, ಅವಳದೇ ಚಿತ್ರದ ಮುಂದೆ... ಅದೂ 'ಮೇಡಂ' ಅಂತ!

ಅವನ ಬೆರಳು ರೆಕ್ಕೆಯ ಕುದುರೆಯ ಕಡೆಗಿತ್ತು. ಅದ್ಭುತ ಕಥೆಗಳ ಪುಸ್ತಕಗಳಿಗೆ ಅವಳು ಬಿಡಿಸಿದ ಚಿತ್ರಗಳಲ್ಲಿ ಹೆಚ್ಚು ಹೆಸರು ತಂದದ್ದು ಅದೇ ಕುದುರೆ.

"ಬಸ್ಸಿನ ಹಿಂದೆ ನಾನು ಬಿಡಿಸುವಾಗ ಅಲ್ಲಿ ಬ್ರೇಕ್ ಲೈಟ್ ಅಡ್ಡ ಉಂಟು, ಅದಕ್ಕೆ ಗರಿ ಬಗ್ಗಿಸ್ತೇನೆ. ನಿಮ್ಮ ಕಾಗದದಲ್ಲಿ ಎಂತ ಉಂಟು?"

ಅವನಿಂದ ಕಲಿತ ರೆಕ್ಕೆಯನ್ನು ಬಗ್ಗಿದ ಗರಿಯ ಸಮೇತ ಹಾಗೇ ಇಳಿಸಿದ್ದಳು ಅವಳು.

ಕೂಳೂರು ಸೇತುವೆಯ ಹತ್ತಿರ ಬಸ್ಸುಗಳಿಗೆ ಬಣ್ಣ ಹೊಡೆಯುವ ಶೆಡ್ಡು ಇರ್ವಿನ್‌ನದು. ಕಾಲೇಜಿನ ದಿನಗಳಲ್ಲಿ ಅಲ್ಲೇ, ಬಣ್ಣದ ಡಬ್ಬಿ ಮಗುಚಿ ಹಾಕಿ ಕೂತು, ರೆಕ್ಕೆ ಭುಜದಿಂದ ಹೇಗೆ ಹುಟ್ಟಬೇಕೆಂದು ಅವಳು ಕಲಿತದ್ದು. ಪ್ರೀತಿಯನ್ನೂ ಅಲ್ಲೇ ಕಲಿತದ್ದು ಎನ್ನಿ!

ಹೆಸರು ಬಂದ ಮೇಲೆ ಪತ್ರಿಕೆಯವರು ಕೇಳಿದರು, "ನಿಮ್ಮ ಮೇಲೆ ಯಾರ ಪ್ರಭಾವ?" ವಿದೇಶಿ ಕಲಾವಿದರ ನಾಲ್ಕು ಹೆಸರನ್ನು ಪಟಪಟನೆ ಹೇಳಿಬಿಟ್ಟಳು ಪುಣ್ಯಾತ್ಗಿತ್ತಿ. ಇರ್ವಿನ್‌ನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

ಅದು ಅಚ್ಚಾದ ದಿನದಿಂದ ಅವನ ಫೋನಿಲ್ಲ. ಅವಳಿಗೋ, ಮಾಡಲು ಮುಖವಿಲ್ಲ. ಸಿಗ್ನಲ್ಲಿನಲ್ಲಿ ಸ್ಕೂಟರು ಸಿಟಿ ಬಸ್ಸಿನ ಹಿಂದೆ ನಿಂತರೆ, ಅಲ್ಲಿ ಅವನು ಬಿಡಿಸಿದ ಕುದುರೆಯೆದುರು ತಲೆ ತಗ್ಗಿಸುತ್ತಿದ್ದಳು.

"ಸಿಟ್ಟಾ, ಇರ್ವಿನ್?"

"ಸಿಟ್ಟು ಎಂತಕ್ಕೆ ಮಾರಾಯ್ತಿ? ಹೆಸರು ನನಗೆ ಬೇಡ. ಒಂದೇ ಕೇಳ್ಲಿಕ್ಕೆ ಬಂದದ್ದು... ನನ್ನ ಹೆಸರು ಹೇಳ್ಲಿಕ್ಕೆ ನಿನಗೆ ನಾಚಿಕೆ ಆಯ್ತಾ?"

ಇಲ್ಲ ಅಂದುಬಿಡಲೇ? ಒಂದು ಸುಳ್ಳಿಗೆ ಎಂಟು ತಿಂಗಳು ಬೆಂದದ್ದು ಸಾಲದೇ!

"ಆಯ್ತು," ಎಂದಳು. "ಹೌದು... ಆಯ್ತು."

ಅವನ ಕಣ್ಣು ತುಂಬಿತು. ತಲೆಯಾಡಿಸಿ ಬಾಗಿಲ ಕಡೆ ನಡೆದ.

ಅಷ್ಟರಲ್ಲಿ ಪ್ರದರ್ಶನ ಏರ್ಪಡಿಸಿದ್ದ ಹೆಲನ್ ಟೀಚರ್ ಅವಳ ಕೈಗೆ ಮೈಕು ಕೊಟ್ಟರು. "ಗ್ಲೆನಿಟಾ, ಆ ವಿದೇಶದ ಕಲಾವಿದರ ಬಗ್ಗೆ ಎರಡು ಮಾತು ಹೇಳು ಬಾ."

ಇರ್ವಿನ್ ಆಗಲೇ ಹೊಸ್ತಿಲು ದಾಟಿದ್ದ. ಈಗಲೂ ನುಂಗಿದರೆ ಅವನು ಮತ್ತೆ ಬರುವವನಲ್ಲ.

"ಅವರ ಚಿತ್ರ ನಾನು ನೋಡಿದ್ದು ಫೋನಲ್ಲಿ," ಎಂದಳು ಜೋರಾಗಿ. "ಬ್ರಷ್ ಹಿಡಿಯಲಿಕ್ಕೆ ಕಲಿಸಿದ್ದು ಕೂಳೂರಿನಲ್ಲಿ ಬಸ್ಸಿಗೆ ಬಣ್ಣ ಹೊಡೆಯುವ ಇರ್ವಿನ್. ಈ ಕುದುರೆ ಅವನದ್ದು. ಅವನ ಹೆಸರು ಮುಚ್ಚಿಟ್ಟೆ. ಈಗ ನಾಚಿಕೆ ಆಗುವುದು ನನ್ನ ಬಗ್ಗೆಯೇ. ನಾನು ಅವನನ್ನು ಪ್ರೀತಿಸ್ತೇನೆ... ಅದನ್ನೂ ಮುಚ್ಚಿಟ್ಟೆ!"

ತೆರೆದ ಬಾಯಿ ಮುಚ್ಚದ ಹೆಲನ್ ಟೀಚರರ ಕೈಗೆ ಮೈಕು ತುರುಕಿ ಅವಳು ಓಡಿದಳು.

ಅವನು ಕೊನೆಯ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ.

"ಇಡೀ ಹಂಪನಕಟ್ಟೆಗೆ ಕೇಳಿತು ಮಾರಾಯ್ತಿ."

"ಕೇಳ್ಲಿ. ಕ್ಷಮಿಸ್ತೀಯಾ?"

"ಕಷ್ಟ ಉಂಟು..." ಎಂದವನು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. "ನೀನು ಆಗ ನಾಚಿಕೆ ಆಗ್ಲಿಲ್ಲ ಅಂತ ಸುಳ್ಳು ಹೇಳಿದ್ರೆ ಇಷ್ಟೊತ್ತಿಗೆ ನಾನು ಬಸ್ ಹತ್ತಿ ಆಗ್ತಿತ್ತು."

ಅವಳು ಕೂತಳು.

"ಮುಂದಿನ ಕುದುರೆಗೆ ಗರಿ ನೆಟ್ಟಗೆ ಬಿಡಿಸು. ಕಾಗದದಲ್ಲಿ ಲೈಟ್ ಇಲ್ಲ," ಎಂದ ಅವನು.

ಅವನ ಬಣ್ಣ ಹತ್ತಿದ ಬೆರಳುಗಳನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

"ಇಲ್ಲ, ಬಗ್ಗಿಯೇ ಇರ್ಲಿ. ಯಾಕೆ ಅಂತ ಕೇಳಿದವರಿಗೆಲ್ಲ ನಿನ್ನ ಹೆಸರು ಹೇಳ್ಬೇಕಲ್ಲ?"